ಹೇಳಿ, ಕೇಳುತ್ತಿದ್ದೇನೆ

ಬಾಟಲಿ ಕಾರ್ಖಾನೆಯಲ್ಲಿದ್ದಾಗ ಅವನಿಗೆ ಮೈಕು ಎಂದು ಹೆಸರಿಟ್ಟವರು ಯಾರೆಂದು ಈಗ ಯಾರಿಗೂ ನೆನಪಿಲ್ಲ. ಗಾಜಿನ ಬಾಟಲಿಗಳು ಒಂದಕ್ಕೊಂದು ತಾಕುತ್ತ ದಿನವಿಡೀ ಗಲಗಲ ಎನ್ನುವ ಶೆಡ್ಡಿನಲ್ಲಿ ಉಳಿದವರೆಲ್ಲ ಕೈಸನ್ನೆಯಲ್ಲೇ ಕೆಲಸ ಸಾಗಿಸಿದರೆ ಅವನೊಬ್ಬ ಬಾಯಿಬಿಟ್ಟು ಹೇಳುತ್ತಿದ್ದ. ಹೇಳಿದ್ದು ಆ ತುದಿಯಲ್ಲಿ ಮುಚ್ಚಳ ಹಾಕುವವರಿಗೂ ಕೇಳುತ್ತಿತ್ತು. ಗೇಟಿನ ಮುಂದೆ ಸಭೆಯಾದರೆ ಸಂಘದವರು ಧ್ವನಿವರ್ಧಕ ತರಿಸುವ ಗೋಜಿಗೇ ಹೋಗುತ್ತಿರಲಿಲ್ಲ. ಮ್ಯಾನೇಜರು ಕಿಟಕಿ ಮುಚ್ಚಿಕೊಂಡು ಕೂತರೂ ಆ ದನಿಯಿಂದ ತಪ್ಪಿಸಿಕೊಳ್ಳುವಂತಿರಲಿಲ್ಲ.

ಆ ಗಂಟಲಿನಲ್ಲಿ ಗಡ್ಡೆ ಬೆಳೆಯಿತು. ಗಡ್ಡೆಯ ಜೊತೆ ಧ್ವನಿಪೆಟ್ಟಿಗೆಯನ್ನೂ ತೆಗೆದರು. ಈಗ ಅವನು ಉಸಿರಾಡುವುದು ಕೊರಳ ಬುಡದ ಒಂದು ತೂತಿನಿಂದ. ಅದರೊಳಗೆ ಮೆತ್ತನೆಯ ಒಂದು ಪುಟ್ಟ ನಳಿಗೆ, ಮೇಲೆ ಧೂಳು ಹೋಗದ ಹಾಗೆ ತೆಳ್ಳನೆಯ ಹತ್ತಿಬಟ್ಟೆ. ಮಾತು ಹೋಯಿತು, ಹೆಸರು ಉಳಿಯಿತು. ಓಣಿಯವರು ಈಗಲೂ ಮೈಕಣ್ಣ ಎಂದೇ ಕರೆಯುತ್ತಾರೆ. ಅವನು ತುಟಿಯಾಡಿಸಿ ಏನೋ ಹೇಳುತ್ತಾನೆ, ಪಕ್ಕದಲ್ಲಿ ಹೆಂಡತಿ ಇದ್ದರೆ ಅದನ್ನು ಗಟ್ಟಿಯಾಗಿ ಓದಿ ಹೇಳುತ್ತಾಳೆ. ಬೈಗುಳವಾದರೆ ಅರ್ಧಕ್ಕೆ ನಿಲ್ಲಿಸಿ, "ಮಿಕ್ಕಿದ್ದು ನೀವೇ ಊಹಿಸ್ಕೊಳ್ಳಿ" ಅನ್ನುತ್ತಾಳೆ.

ಹೆಂಡತಿ ಎರಡು ಬೀದಿ ಆಚೆಯ ಲಾಂಡ್ರಿಯಲ್ಲಿ ಮಡಿಸುವ ಮೇಜಿನ ಹಿರಿಯಳು. ಹೋಟೆಲುಗಳ ಹಾಸು, ಹೊದಿಕೆ, ಆಸ್ಪತ್ರೆಯ ಹಸಿರು ಬಟ್ಟೆ ಎಲ್ಲವೂ ಅವಳ ಕೈ ದಾಟಿಯೇ ಹೊರಗೆ ಹೋಗಬೇಕು. ಕೆಲಸದ ವಿಷಯದಲ್ಲಿ ಗಂಜಿ ಹಾಕಿದ ಬಟ್ಟೆಯ ಹಾಗೆ, ಬಗ್ಗುವವಳಲ್ಲ, ಅದಕ್ಕೇ ಅಲ್ಲಿನ ಹೆಂಗಸರು ಗಂಜಿಯಕ್ಕ ಎಂದು ಕರೆಯುತ್ತಾರೆ. ಗಂಡನೂ ಅದನ್ನೇ ಎತ್ತಿಕೊಂಡು ಗಂಜಿ ಅನ್ನುತ್ತಾನೆ, ತುಟಿಯಲ್ಲಿ.

ಕೊರಳ ನಳಿಗೆಗೆ ಒಮ್ಮೊಮ್ಮೆ ಕಫ ಕಟ್ಟುತ್ತದೆ. ಸಾಮಾನ್ಯವಾಗಿ ಅವನೇ ಕೆಮ್ಮಿ, ನಳಿಗೆ ತೆಗೆದು, ತೊಳೆದು ಹಾಕಿಕೊಳ್ಳುತ್ತಾನೆ. ಒಣ ಗಾಳಿಯ ದಿನಗಳಲ್ಲಿ ಮಾತ್ರ ಅದು ಅಂಟಿನ ಹಾಗೆ ಗಟ್ಟಿಯಾಗಿ ಕೂರುತ್ತದೆ. ಆಗ ಇನ್ನೊಂದು ಜೊತೆ ಕೈ ಬೇಕು, ಬೇಗ ಬೇಕು. ಕೂಗಿ ಕರೆಯುವ ಹಾಗಿಲ್ಲ. ಅದಕ್ಕಾಗಿ ಇಬ್ಬರೂ ಒಂದು ಏರ್ಪಾಡು ಮಾಡಿಕೊಂಡಿದ್ದರು. ಅವನ ಕೊರಳಲ್ಲಿ ದಾರಕ್ಕೆ ಕಟ್ಟಿದ ಫೋನು. ಫೋನಿನ ಪಕ್ಕದ ಗುಂಡಿಯನ್ನು ಒತ್ತಿ ಹಿಡಿದರೆ ಕರೆ ನೇರ ಅವಳಿಗೆ. ಕಣ್ಣಲ್ಲಿ ನೀರು ತುಂಬಿ ಏನೂ ಕಾಣದಿದ್ದರೂ ಬೆರಳಿಗೆ ಆ ಗುಂಡಿ ಸಿಗುತ್ತದೆ. ಅವಳ ಫೋನು ಒದ್ದೆಯಾಗದ ಹಾಗೆ ಪ್ಲಾಸ್ಟಿಕ್ ಚೀಲದಲ್ಲಿ, ಅವಳ ಕೊರಳಲ್ಲಿ. ಕರೆ ಎತ್ತುವ ಪ್ರಶ್ನೆಯೇ ಇಲ್ಲ, ಆ ಕಡೆಯಿಂದ ಮಾತು ಬರುವುದಿಲ್ಲವಲ್ಲ. ಎದೆಯ ಮೇಲೆ ಫೋನು ಗುಂಯ್ ಅಂದರೆ ಅವಳು ಕೈಲಿದ್ದ ಹಾಸಿನ ಎರಡು ಮೂಲೆಗಳನ್ನು ಎದುರಿಗಿದ್ದವಳ ಕೈಗೆ ಕೊಟ್ಟು ಓಡುತ್ತಾಳೆ. ಎದುರಿಗಿದ್ದವಳು ಏನೂ ಕೇಳದೆ ಒಬ್ಬಳೇ ಮಡಿಸಿಕೊಳ್ಳುತ್ತಾಳೆ. ಇಡೀ ಲಾಂಡ್ರಿಗೆ ಇದು ರೂಢಿಯಾಗಿತ್ತು.

ಆ ಗುಂಡಿ ಇತ್ತೆಂದು ಅವಳು ಕೆಲಸಕ್ಕೆ ಹೋಗುತ್ತಿದ್ದಳು. ಅದೇ ಗುಂಡಿಯ ಧೈರ್ಯದಲ್ಲಿ ಅವನು ಯಾರ ಕಾವಲೂ ಇಲ್ಲದೆ ತನ್ನ ಮನೆಯಲ್ಲಿ ತಾನಿರುತ್ತಿದ್ದ, ಪೇಪರು ಓದುತ್ತಿದ್ದ, ತರಕಾರಿ ಹೆಚ್ಚುತ್ತಿದ್ದ, ಬಾಗಿಲಲ್ಲಿ ನಿಂತು ಓಣಿ ನೋಡುತ್ತಿದ್ದ.

ಒಂದು ಬೆಳಿಗ್ಗೆ ಎದ್ದು ನೋಡಿದರೆ ಫೋನು ಬೇರೆಯೇ ಆಗಿತ್ತು. ಅವರು ಮಲಗಿದ್ದಾಗ ಅದು ತನ್ನಷ್ಟಕ್ಕೆ ತಾನು ಅಪ್‌ಡೇಟ್ ಆಗಿತ್ತು. ಅಕ್ಷರ ದುಂಡಗಾಗಿತ್ತು, ಗಡಿಯಾರ ಈ ಪಕ್ಕದಿಂದ ಆ ಪಕ್ಕಕ್ಕೆ ಹೋಗಿತ್ತು, ಟಾರ್ಚು ಎಲ್ಲಿದೆಯೋ ದೇವರಿಗೇ ಗೊತ್ತು. ನಿಮ್ಮ ಬದುಕು ಇನ್ನಷ್ಟು ಸುಲಭ ಎಂದು ಒಂದು ನೀಲಿ ಫಲಕ ಮೂಡಿ ಮಾಯವಾಯಿತು. ಗಂಜಿಯಕ್ಕ ಅದನ್ನು ಹಿಂದೆ ಮುಂದೆ ಮಾಡಿ ನೋಡಿದಳು.

"ನಾವು ಮಲಗಿದ್ದಾಗ ಯಾರೋ ಅಡುಗೆಮನೆಗೆ ನುಗ್ಗಿ ಉಪ್ಪಿನ ಡಬ್ಬಿ ಬಚ್ಚಿಟ್ಟು ಹೋದ ಹಾಗಿದೆ ಕಣ್ರೀ. ಕದ್ದಿದ್ರೆ ಪೊಲೀಸಿಗಾದ್ರೂ ಹೇಳಬಹುದಿತ್ತು."

ಅವನು ನಕ್ಕ. ನಗುವುದೆಂದರೆ ಈಗ ಕೊರಳ ಬಟ್ಟೆ ಒಂದಿಷ್ಟು ಅದುರುವುದು. ಪಕ್ಕದ ಗುಂಡಿಯನ್ನು ಒತ್ತಿ ನೋಡಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ. ಅವಸರಕ್ಕೆಂದು ಇಟ್ಟುಕೊಂಡದ್ದನ್ನು ಯಾರು ತಾನೇ ದಿನಾ ಒತ್ತಿ ನೋಡುತ್ತಾರೆ?

ಅದು ಅದೇ ದಿನ ಮಧ್ಯಾಹ್ನ ಊಟಕ್ಕೆ ಸ್ವಲ್ಪ ಮುಂಚೆ. ಬಿಸಿಲಿಗೆ ಗಾಳಿಯೆಲ್ಲ ಒಣಗಿಹೋಗಿತ್ತು. ಅವನು ಪೇಪರು ಮಡಿಸಿಟ್ಟು ಏಳುವಷ್ಟರಲ್ಲಿ ಕಫ ಸಿಕ್ಕಿಹಾಕಿಕೊಂಡಿತು. ಕೆಮ್ಮಿದ, ಬರಲಿಲ್ಲ. ಇನ್ನೊಮ್ಮೆ ಕೆಮ್ಮಿದ. ಉಸಿರು ಸಿಳ್ಳೆಯಂತೆ ಕೇಳತೊಡಗಿತು. ಕೈ ತಾನಾಗಿಯೇ ಎದೆಯ ಮೇಲಿನ ಫೋನಿಗೆ ಹೋಯಿತು, ಬೆರಳು ಗುಂಡಿಯನ್ನು ಒತ್ತಿ ಹಿಡಿಯಿತು.

ಫೋನು ಜೇನಿನಂಥ ಹೆಣ್ಣುದನಿಯಲ್ಲಿ ಹೇಳಿತು: "ಹೇಳಿ, ಕೇಳುತ್ತಿದ್ದೇನೆ."

ಅವನಿಗೆ ಒಂದು ಕ್ಷಣ ಏನಾಗುತ್ತಿದೆಯೆಂದೇ ತಿಳಿಯಲಿಲ್ಲ. ಮತ್ತೆ ಒತ್ತಿದ. "ಹೇಳಿ, ಕೇಳುತ್ತಿದ್ದೇನೆ" ಎಂದು ಅದು ಅಷ್ಟೇ ತಾಳ್ಮೆಯಿಂದ ಹೇಳಿತು. ಅವನು ಹೇಳಲಿಲ್ಲ. "ಕ್ಷಮಿಸಿ, ನನಗೆ ಏನೂ ಕೇಳಿಸಲಿಲ್ಲ. ದಯವಿಟ್ಟು ಸ್ವಲ್ಪ ಜೋರಾಗಿ ಮಾತನಾಡಿ." ಒಂದು ಕಾಲಕ್ಕೆ ಕಾರ್ಖಾನೆಯ ಕಿಟಕಿಗಳನ್ನು ನಡುಗಿಸಿದವನಿಗೆ ಜೋರಾಗಿ ಮಾತನಾಡಿ ಎಂದು ಹೇಳಿದವರು ಅದೇ ಮೊದಲು.

ಕೈಗೆ ಸಿಕ್ಕ ಲೋಟದಿಂದ ಗೋಡೆಗೆ ಒಮ್ಮೆ ಬಡಿದ. ಗೋಡೆಯ ಆ ಬದಿಯಲ್ಲಿ ಟೈಲರಮ್ಮನ ಕೋಣೆ. ಅವಳು ಮಶೀನು ನಿಲ್ಲಿಸಿದ್ದು ಅವನಿಗೆ ಕೇಳಿಸಿತು. ಆದರೆ ಆ ಹೊತ್ತಿಗೆ ಸರಿಯಾಗಿ ಫೋನು, "ನಿಮಗೆ ಸಹಾಯ ಮಾಡಲು ನಾನಿದ್ದೇನೆ, ಹೇಳಿ" ಅಂದಿತು. ಗೋಡೆಯಾಚೆ ಮಶೀನು ಮತ್ತೆ ಓಡತೊಡಗಿತು.

ಗಂಜಿಯಕ್ಕ ಊಟಕ್ಕೆಂದು ಬಂದಾಗ ಅವನು ಬಚ್ಚಲಿನ ನೆಲದ ಮೇಲೆ ಗೋಡೆಗೆ ಒರಗಿ ಕೂತಿದ್ದ. ಮುಖ ಬೂದಿಬಣ್ಣಕ್ಕೆ ತಿರುಗಿತ್ತು. ಕಿತ್ತು ತೆಗೆದ ನಳಿಗೆ ಅಂಗೈಯಲ್ಲಿ, ಅಂಗಿಯ ಮೇಲೆ ನಾಲ್ಕು ಹನಿ ರಕ್ತ. ಹೇಗೋ ತಾನೇ ತೆಗೆದುಕೊಂಡಿದ್ದ, ಹೇಗೆಂದು ಅವನಿಗೂ ನೆನಪಿರಲಿಲ್ಲ. ಅವಳು ಕೈ ತೊಳೆದುಕೊಂಡು, ನಳಿಗೆ ತೊಳೆದು ಹಾಕಿ, ಹೊಸ ಬಟ್ಟೆ ಕಟ್ಟಿದಳು. ಆಮೇಲೆ ಅವನ ಪಕ್ಕದಲ್ಲೇ, ಒದ್ದೆ ನೆಲದ ಮೇಲೆ ಕೂತಳು.

ಅಷ್ಟರಲ್ಲಿ ಟೈಲರಮ್ಮ ಕೊರಳಲ್ಲಿ ಅಳತೆಪಟ್ಟಿ ಹಾಕಿಕೊಂಡು ಬಾಗಿಲಲ್ಲಿ ಇಣುಕಿದಳು. "ನರ್ಸಮ್ಮ ಹೋದ್ರಾ ಅಕ್ಕಾ? ಎಷ್ಟು ಚೆನ್ನಾಗಿ ಮಾತಾಡಿಸ್ತಾರೆ. ನಮ್ಮ ಮೈಕಣ್ಣನ ಹತ್ರ ಅಷ್ಟು ತಾಳ್ಮೆಯಿಂದ ಕೇಳೋರು ಯಾರಿದ್ದಾರೆ ಹೇಳಿ."

ಯಾವ ನರ್ಸಮ್ಮ ಎಂದು ಇವಳು ಕೇಳಿದಳು. ಅವನು ಸುಮ್ಮನೆ ಫೋನೆತ್ತಿ ಗುಂಡಿ ಒತ್ತಿದ. ಜೇನುದನಿ ಬಂತು. ಟೈಲರಮ್ಮ ಫೋನು ನೋಡಿದಳು, ಅವನ ಅಂಗಿಯ ಮೇಲಿನ ರಕ್ತ ನೋಡಿದಳು, ಹೊಸ್ತಿಲ ಮೇಲೇ ಕುಸಿದು ಕೂತಳು. ಲೋಟದ ಸದ್ದು ಕೇಳಿದ್ದೆ, ಒಳಗೆ ಹೆಂಗಸಿನ ದನಿ ಇತ್ತಲ್ಲ, ಕುರ್ಚಿ ಏನೋ ತಾಗಿರಬೇಕು ಅಂದುಕೊಂಡೆ, ಪರವಾಗಿಲ್ಲ ಯಾರೋ ಜೊತೆಗಿದ್ದಾರೆ ಅಂದುಕೊಂಡೆ ಎಂದು ಹೇಳುತ್ತ ಹೇಳುತ್ತ ಅತ್ತಳು. ಅವಳನ್ನು ಸಮಾಧಾನ ಮಾಡುವ ಕೆಲಸವೂ ಮೈಕುವಿನ ಪಾಲಿಗೇ ಬಂತು. ಅಳತೆಪಟ್ಟಿಯ ತುದಿ ಹಿಡಿದೆಳೆದು, ತನ್ನ ಕೊರಳು ಅಳೆ ಎಂಬಂತೆ ಸನ್ನೆ ಮಾಡಿ ನಗಿಸಿದ.

ಮಾರನೆಯ ದಿನ ಗಂಜಿಯಕ್ಕ ಕೆಲಸಕ್ಕೆ ಹೋಗಲಿಲ್ಲ. ಅದರ ಮಾರನೆಯ ದಿನವೂ ಹೋಗಲಿಲ್ಲ. ಮೇಜಿನಲ್ಲಿ ನಿನ್ನ ಜಾಗ ಈ ವಾರ ಹೇಗೋ ಹಿಡಿದಿಟ್ಟಿರುತ್ತೇವೆ, ಆಮೇಲೆ ಮಾಲೀಕರು ಬೇರೆಯವರನ್ನು ಹಾಕುತ್ತಾರೆ ಎಂದು ಜೊತೆಯವಳು ಬಂದು ಹೇಳಿಹೋದಳು. ಮೈಕುವಿನ ತಂಗಿಗೆ ಸುದ್ದಿ ಮುಟ್ಟಿತು. ಅವಳು ಒಳ್ಳೆಯವಳೇ. ಅಣ್ಣನನ್ನು ನಮ್ಮಲ್ಲಿಗೆ ಕಳಿಸಿಬಿಡು ಅತ್ತಿಗೆ, ಮನೆತುಂಬ ಜನ, ಒಂದು ಮೂಲೆಯಲ್ಲಿ ಮಂಚ ಹಾಕಿದರಾಯಿತು, ಯಾರಾದರೊಬ್ಬರು ನೋಡುತ್ತಲೇ ಇರುತ್ತಾರೆ ಅಂದಳು.

ಸಂಜೆ ಅವನು ಹೆಂಡತಿಯನ್ನು ಎದುರಿಗೆ ಕೂರಿಸಿಕೊಂಡು ತುಟಿಯಾಡಿಸಿದ. ಅವಳು ಅಭ್ಯಾಸದಂತೆ ಗಟ್ಟಿಯಾಗಿ ಓದಿದಳು. "ಮೂಲೆ ಮಂಚದಲ್ಲಿ... ಯಾರಾದ್ರೂ ನೋಡ್ತಾನೇ ಇರೋದಕ್ಕೆ... ನಾನೇನು ಒಲೆ ಮೇಲಿಟ್ಟ ಹಾಲಾ?" ಓದಿದ ಮೇಲೆ ನಗು ಬಂತು. ನಗುವಿನ ಹಿಂದೆಯೇ ಸಿಟ್ಟೂ ಬಂತು. "ಮತ್ತೆ ನಾನೇನ್ರೀ ಮಾಡ್ಲಿ? ಕೆಲಸ ಬಿಟ್ಟು ನಿಮ್ಮ ಮುಂದೆ ಕೂತ್ಕೊಳ್ಳಾ?"

ಅವನು ಬೇಡವೆಂದು ತಲೆಯಾಡಿಸಿದ. ಅವಳು ಆ ಮೇಜಿನ ಹಿರಿತನಕ್ಕೆ ಬರಲು ಎಷ್ಟು ವರ್ಷ ಸೊಂಟ ಮುರಿದುಕೊಂಡಿದ್ದಾಳೆಂದು ಅವನಿಗೆ ಗೊತ್ತು. ಯಾರೋ ಎಲ್ಲೋ ತಣ್ಣನೆಯ ಕೋಣೆಯಲ್ಲಿ ಕೂತು, ಈ ಗುಂಡಿ ಇನ್ನು ಮೇಲೆ ಹೀಗಿರಲಿ ಎಂದು ತೀರ್ಮಾನಿಸಿದ್ದರು. ಆ ಕೋಣೆಯಲ್ಲಿದ್ದವರಿಗೆಲ್ಲ ಗಂಟಲಿತ್ತು. ಗಂಟಲಿಲ್ಲದವನೊಬ್ಬ ಇರಬಹುದೆಂಬ ಯೋಚನೆ ಅಲ್ಲಿ ಯಾರ ಬಾಯಿಂದಲೂ ಬಂದಿರಲಿಕ್ಕಿಲ್ಲ. ಆ ತೀರ್ಮಾನ ಇಲ್ಲಿ, ಈ ಎರಡು ಕೋಣೆಯ ಮನೆಯಲ್ಲಿ, ಒಬ್ಬಳ ಕೆಲಸವನ್ನೂ ಒಬ್ಬನ ಮನೆಯನ್ನೂ ಕಿತ್ತುಕೊಳ್ಳಲು ಬಂದು ನಿಂತಿತ್ತು. ಕಾರ್ಖಾನೆಯಲ್ಲಾಗಿದ್ದರೆ ಗೇಟಾದರೂ ಇರುತ್ತಿತ್ತು, ಹೋಗಿ ನಿಲ್ಲುವುದಕ್ಕೆ.

ನಾಳೆ ಸರ್ವಿಸ್ ಸೆಂಟರಿಗೆ ಹೋಗೋಣ ಎಂದ ತುಟಿಯಲ್ಲಿ. ಅವಳು ಒಪ್ಪಿದಳು. ಅಲ್ಲಿಯೂ ಆಗದಿದ್ದರೆ ತಂಗಿಗೆ ಹೇಳಿಕಳಿಸುತ್ತೇನೆ ಅಂದಳು.

ಸರ್ವಿಸ್ ಸೆಂಟರಿನಲ್ಲಿ ನೆಲ ಮುಖ ಕಾಣುವಷ್ಟು ಹೊಳೆಯುತ್ತಿತ್ತು. ಟೋಕನ್ ಹಿಡಿದು ಕುರ್ಚಿಗಳಲ್ಲಿ ಕೂತವರ ಮುಖಗಳಲ್ಲಿ ಆ ಹೊಳಪಿರಲಿಲ್ಲ. ಕೌಂಟರಿನ ಹುಡುಗಿ ಕೊರಳಲ್ಲಿ ಗುರುತಿನ ಚೀಟಿ ನೇತುಹಾಕಿಕೊಂಡು, ಬಂದವರಿಗೆಲ್ಲ ಒಂದೇ ಮಾತನ್ನು ಒಂದೇ ನಗುವಿನಲ್ಲಿ ಹೇಳುತ್ತಿದ್ದಳು. ಇವರ ಸರದಿ ಬಂದಾಗ ಗಂಜಿಯಕ್ಕ ಗುಂಡಿಯ ವಿಷಯ ಹೇಳಿದಳು.

"ಅದು ಕೆಟ್ಟಿಲ್ಲ ಆಂಟಿ, ಹೊಸ ಸೌಲಭ್ಯ. ಮುಂಚೆ ನೀವೇ ಎಲ್ಲ ಸೆಟ್ ಮಾಡ್ಕೋಬೇಕಿತ್ತು. ಈಗ ಏನೂ ಬೇಡ, ಅಂಕಲ್ ಒತ್ತಿ ಹಿಡಿದು ಬಾಯಲ್ಲಿ ಹೇಳಿದ್ರೆ ಸಾಕು. ಹೆಂಡತಿಗೆ ಫೋನ್ ಮಾಡು ಅಂದ್ರೆ ಮಾಡುತ್ತೆ."

ಗಂಜಿಯಕ್ಕ ಬಾಯಿ ತೆರೆದಳು. ಮೈಕು ಅವಳ ಮೊಣಕೈ ಮುಟ್ಟಿ ತಡೆದ. ಕೊರಳ ಬಟ್ಟೆಯನ್ನು ನಿಧಾನವಾಗಿ ಬಿಚ್ಚಿ ಕೌಂಟರಿನ ಮೇಲೆ ಮಡಿಸಿಟ್ಟ. ಫೋನಿನ ದನಿಯನ್ನು ಪೂರ್ತಿ ಏರಿಸಿ, ಅದನ್ನು ಗಾಜಿನ ಮೇಲಿಟ್ಟು, ಗುಂಡಿ ಒತ್ತಿ ಹಿಡಿದ.

"ಹೇಳಿ, ಕೇಳುತ್ತಿದ್ದೇನೆ."

ಅವನು ಬಾಯಿ ತೆರೆದು ಹೇಳಿದ. ತುಟಿ ಆಡಿತು, ಕೊರಳ ತೂತಿನಿಂದ ಗಾಳಿ ಬಂತು, ಅಷ್ಟೇ. "ಕ್ಷಮಿಸಿ, ನನಗೆ ಏನೂ ಕೇಳಿಸಲಿಲ್ಲ" ಎಂದಿತು ಫೋನು. ಹುಡುಗಿಯ ನಗು ಎಲ್ಲಿಗೋ ಹೋಯಿತು. ಅವನು ಮತ್ತೆ ಒತ್ತಿದ. ಸಿಟ್ಟಿಲ್ಲ, ಅವಸರವೂ ಇಲ್ಲ, ಕಾರ್ಖಾನೆಯ ಓಡುವ ಪಟ್ಟಿಯ ಮೇಲೆ ಬರುವ ಒಂದೊಂದೇ ಬಾಟಲಿ ನೋಡುವವನ ಹಾಗೆ ಒತ್ತಿದ, ಹೇಳಿದ, ಮತ್ತೆ ಒತ್ತಿದ. ಕುರ್ಚಿಗಳಲ್ಲಿದ್ದವರು ತಲೆಯೆತ್ತಿದರು. ಬಾಗಿಲ ಕಾವಲಿನವನು ಯಾರಿಗೆ ಏನಾಯಿತೋ ಎಂದು ಒಳಗೇ ಬಂದ. ಒಳಕೋಣೆಯಲ್ಲಿ ರಿಪೇರಿ ಮಾಡುತ್ತಿದ್ದವನೊಬ್ಬ ಕಣ್ಣಿಗೆ ಹಾಕಿಕೊಂಡಿದ್ದ ಭೂತಗನ್ನಡಿಯ ಸಮೇತ ಹೊರಗೆ ಇಣುಕಿದ. ಹಿಂದಿನ ಸಾಲಿನ ಮುದುಕರೊಬ್ಬರು, ನನ್ನದೂ ಅದೇ ಕತೆಯಪ್ಪ, ಕರೆ ಬಂದರೆ ಮೊದಲು ಮೇಲಕ್ಕೆ ಎಳೆಯುತ್ತಿದ್ದೆ, ಈಗ ಹಾಗೆ ಎಳೆದರೆ ಕಟ್ಟಾಗುತ್ತದೆ, ಮಗಳು ನಾನು ಮುನಿಸಿಕೊಂಡಿದ್ದೇನೆ ಅಂದುಕೊಂಡಿದ್ದಾಳೆ ಎಂದರು. ಅವರ ಪಕ್ಕದವಳು ತನ್ನದನ್ನು ಹೇಳಿದಳು. ಯಾರೂ ಕೂಗಾಡಲಿಲ್ಲ. ಮೈಕು ಎಷ್ಟೋ ವರ್ಷಗಳ ಮೇಲೆ ಒಂದು ಸಭೆ ನಡೆಸುತ್ತಿದ್ದ, ಅದೂ ಒಂದು ಮಾತೂ ಆಡದೆ.

ಹುಡುಗಿ ಫೋನನ್ನು ತನ್ನ ಕಡೆಗೆ ಎಳೆದುಕೊಂಡು ತುಂಬ ಹೊತ್ತು ಹುಡುಕಿದಳು. ಒಂದು ಪುಟದೊಳಗೆ ಇನ್ನೊಂದು ಪುಟ, ಅದರೊಳಗೆ ಮತ್ತೊಂದು. ಕೊನೆಗೆ ದನಿ ತಗ್ಗಿಸಿ, "ಅಂಕಲ್, ಈ ಮಾತಾಡೋದನ್ನ ಆಫ್ ಮಾಡಿದ್ದೀನಿ. ಆದ್ರೆ ಮುಂಚಿನ ಥರ ನೇರ ಕರೆ ಹೋಗೋ ಹಾಗೆ ಮಾಡೋಕೆ ಆಗ್ತಿಲ್ಲ. ಅದನ್ನ ತೆಗೆದೇಬಿಟ್ಟಿದ್ದಾರೆ. ನಾನು ಮೇಲಕ್ಕೆ ಬರೀತೀನಿ, ನಿಜವಾಗ್ಲೂ ಬರೀತೀನಿ" ಅಂದಳು. ಅವಳ ಮೇಲೆ ಸಿಟ್ಟು ಮಾಡಿಕೊಳ್ಳುವಂತಿರಲಿಲ್ಲ. ಕಿಟಕಿ ಮುಚ್ಚಿಕೊಂಡು ಕೂತವರು ಬೇರೆ ಯಾರೋ, ಕೌಂಟರಿಗೆ ಕೂರಿಸಿದ್ದು ಇವಳನ್ನು.

ಗಂಜಿಯಕ್ಕ ನಿಟ್ಟುಸಿರು ಬಿಟ್ಟು ಫೋನಿಗೆ ಕೈ ಚಾಚಿದಳು. ಮೈಕು ಮಾತ್ರ ಕದಲಲಿಲ್ಲ. ಬಾಗಿಲ ಕಾವಲಿನವನನ್ನು ನೋಡಿದ. ಭೂತಗನ್ನಡಿಯವನನ್ನು ನೋಡಿದ. ಆ ದನಿಗೆ ಅವರಿಬ್ಬರೂ ತಮ್ಮ ತಮ್ಮ ಜಾಗ ಬಿಟ್ಟು ಎದ್ದು ಬಂದಿದ್ದರು. ಅವನು ಗಾಜಿನ ಮೇಲೆ ಬೆರಳಿನಿಂದ ತಟ್ಟಿ, ಫೋನು ತೋರಿಸಿ, ತುಟಿಯಾಡಿಸಿದ.

"ಮತ್ತೆ ಆನ್ ಮಾಡು ಅಂತಿದ್ದಾರೆ" ಎಂದು ಓದಿದ ಗಂಜಿಯಕ್ಕ ಅವನ ಕಡೆ ತಿರುಗಿದಳು. "ನಿಮಗೇನು ತಲೆ ಕೆಟ್ಟಿದೆಯೇನ್ರೀ?"

ಹುಡುಗಿ ತಬ್ಬಿಬ್ಬಾದರೂ ಆನ್ ಮಾಡಿದಳು. ಬೇಕಾದರೆ ದನಿ ಬದಲಾಯಿಸಬಹುದೆಂದು ನಾಲ್ಕಾರು ದನಿ ಕೇಳಿಸಿದಳು. ಅದರಲ್ಲೊಂದು ಗಂಡಸಿನದು, ಎದೆಯಾಳದಿಂದ ಬರುವ ಗಡಸು ದನಿ. ಗಂಜಿಯಕ್ಕನ ಮುಖ ಒಂದು ಕ್ಷಣ ಬದಲಾಯಿತು. "ಇದು ನಿಮ್ಮ ಥರಾನೇ ಇದೆ ಕಣ್ರೀ. ಇದನ್ನೇ ಇಟ್ಕೊಳ್ಳಿ." ಅವನು ಬೇಡವೆಂದು ತಲೆಯಾಡಿಸಿ ಮೊದಲಿನ ಜೇನುದನಿಯನ್ನೇ ತೋರಿಸಿದ. ಹೊರಗೆ ಬರುವಷ್ಟರಲ್ಲಿ ಫೋನಿಗೆ ಸಂದೇಶ ಬಂತು: ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ?

"ಇವರಿಗೆ ನಕ್ಷತ್ರ ಬೇರೆ ಕೇಡು" ಅಂದಳು ಗಂಜಿಯಕ್ಕ. ದಾರಿಯುದ್ದಕ್ಕೂ ಅವನಿಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು.

ಮನೆಗೆ ಬಂದವನೇ ಅವನು ಬಾಗಿಲು ಮುಂದೆಳೆದ. ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಸುಮ್ಮನಿರು ಎಂದು ಬಾಯಿಗೆ ಬೆರಳಿಟ್ಟು ತೋರಿಸಿದ. ಗೋಡೆಯಾಚೆ ಹೊಲಿಗೆ ಮಶೀನು ಓಡುತ್ತಿತ್ತು. ಅವನು ಗುಂಡಿ ಒತ್ತಿ ಹಿಡಿದ.

"ಹೇಳಿ, ಕೇಳುತ್ತಿದ್ದೇನೆ."

ಮಶೀನು ಗಕ್ಕನೆ ನಿಂತಿತು. ಸ್ಟೂಲು ಬಿದ್ದ ಸದ್ದು, ಓಣಿಯಲ್ಲಿ ದಡದಡ ಹೆಜ್ಜೆ, ಬಾಗಿಲು ತಳ್ಳಿಕೊಂಡು ಟೈಲರಮ್ಮ. ಬಾಯಲ್ಲಿ ಕಚ್ಚಿಕೊಂಡ ಗುಂಡುಸೂಜಿ ಹಾಗೇ ಇತ್ತು. ಗಂಡ ಹೆಂಡತಿ ಇಬ್ಬರೂ ಆರಾಮಾಗಿ ಕೂತಿರುವುದನ್ನು ಕಂಡು ಸೂಜಿಯನ್ನು ಬಾಯಿಂದ ಕೈಗೆ ತೆಗೆದುಕೊಂಡಳು. "ಏನ್ ಮೈಕಣ್ಣ, ಜೀವ ಬಾಯಿಗೆ ಬಂದಿತ್ತು ನನಗೆ. ಆವತ್ತಿಂದ ಆ ದನಿ ಕನಸಲ್ಲೂ ಬರುತ್ತೆ."

ಗಂಜಿಯಕ್ಕ ಗಂಡನನ್ನು ನೋಡಿದಳು. ಅವನು ಗೋಡೆ ತೋರಿಸಿದ, ಟೈಲರಮ್ಮನನ್ನು ತೋರಿಸಿದ, ಕೊನೆಗೆ ಫೋನು ತೋರಿಸಿ ತನ್ನ ಕೊರಳು ಮುಟ್ಟಿಕೊಂಡ. ಈ ಸಲ ಅವಳು ಗಟ್ಟಿಯಾಗಿ ಓದಿ ಹೇಳುವ ಅಗತ್ಯವಿರಲಿಲ್ಲ. ಈ ಮನೆಯಲ್ಲಿ ಆ ಹೆಂಗಸಿನ ಜೊತೆ ಹರಟೆ ಹೊಡೆಯುವವರು ಯಾರೂ ಇಲ್ಲ. ಆ ದನಿ ಕೇಳಿಸಿತೆಂದರೆ ಅವನಿಗೆ ಕೈ ಬೇಕಾಗಿದೆ ಎಂದೇ ಅರ್ಥ. ಲೋಟದ ಸದ್ದಾದರೆ ಬೆಕ್ಕಿನದೂ ಇರಬಹುದು, ಕುರ್ಚಿಯದೂ ಇರಬಹುದು.

ಆ ಸಂಜೆಯೇ ಗಂಜಿಯಕ್ಕ ಟೈಲರಮ್ಮನಿಗೆ ನಳಿಗೆ ತೆಗೆಯುವುದನ್ನು ಕಲಿಸಿದಳು. ಟೈಲರಮ್ಮನ ಬೆರಳುಗಳು ಸೂಕ್ಷ್ಮ ಕೆಲಸಕ್ಕೆ ಪಳಗಿದವು, ಬೇಗ ಹಿಡಿದುಕೊಂಡಳು. ದಾರ, ಗುಂಡಿ ತರಲು ಹೊರಗೆ ಹೋಗುವಾಗ ಬಾಗಿಲಲ್ಲಿ ನಿಂತು, "ಅಂಗಡಿಗೆ ಹೋಗ್ತಿದ್ದೀನಿ ಮೈಕಣ್ಣ, ಬರೋವರೆಗೂ ಕೆಮ್ಮೋ ಹಾಗಿಲ್ಲ" ಎಂದು ತಾಕೀತು ಮಾಡುವುದು ಶುರುವಾಯಿತು. ಹಾಗೆ ಹೇಳಿದರೂ ಎದುರುಮನೆಯ ಚಪ್ಪಲಿ ಹೊಲಿಯುವವನಿಗೆ ಕಿವಿ ಇತ್ತ ಇಟ್ಟಿರು ಎಂದು ಒಪ್ಪಿಸಿಯೇ ಹೋಗುತ್ತಿದ್ದಳು. ಗಂಜಿಯಕ್ಕ ತನ್ನ ಮೇಜಿಗೆ ಮರಳಿದಳು. ತಂಗಿಯ ಮನೆಯ ಮೂಲೆಯ ಮಂಚ ಖಾಲಿಯೇ ಉಳಿಯಿತು.

ಕೌಂಟರಿನ ಹುಡುಗಿ ಮೇಲಕ್ಕೆ ಬರೆದದ್ದಕ್ಕೆ ಕಂಪನಿಯಿಂದ ಉತ್ತರ ಬರಲಿಲ್ಲ. ಬಂದದ್ದು ಇನ್ನೊಂದು ಅಪ್‌ಡೇಟು. ಹೊಸದು ಸಿದ್ಧವಾಗಿದೆ ಎಂದು ಪರದೆಯ ಮೇಲೆ ಮೂಡಿತು. ಕೆಳಗೆ ಎರಡೇ ಆಯ್ಕೆ. ಒಂದು ಈಗಲೇ, ಇನ್ನೊಂದು ಆಮೇಲೆ. ಬೇಡ ಎಂಬುದು ಎಲ್ಲಿಯೂ ಇರಲಿಲ್ಲ. ಬೇಡ ಎನ್ನುವುದಕ್ಕಾಗಿಯೇ ಅರ್ಧ ಆಯುಷ್ಯ ಗೇಟಿನ ಮುಂದೆ ನಿಂತವನು ಅದನ್ನು ತುಸು ಹೊತ್ತು ನೋಡಿದ. ಆಮೇಲೆ ಎಂಬುದನ್ನು ಒತ್ತಿದ. ಮರುದಿನ ಅದು ಮತ್ತೆ ಕೇಳಿತು, ಅವನು ಮತ್ತೆ ಆಮೇಲೆ ಎಂದ. ಈಗ ಅದು ಅವನ ದಿನಚರಿ. ಪೇಪರು ಓದಿದ ಮೇಲೆ, ತರಕಾರಿ ಹೆಚ್ಚುವ ಮುಂಚೆ.

ಗಾಳಿ ಮತ್ತೆ ಒಣಗಿದ ಒಂದು ಮಧ್ಯಾಹ್ನ ಕಫ ಸಿಕ್ಕಿತು. ಕೆಮ್ಮಿದ, ಬರಲಿಲ್ಲ. ಉಸಿರು ಸಿಳ್ಳೆ ಹಾಕಿತು. ಕಣ್ಣು ಮಂಜಾದರೂ ಬೆರಳಿಗೆ ಗುಂಡಿ ಸಿಕ್ಕಿತು.

"ಹೇಳಿ, ಕೇಳುತ್ತಿದ್ದೇನೆ."

ಗೋಡೆಯಾಚೆ ಮಶೀನು ನಿಂತಿತು. ಟೈಲರಮ್ಮ ಬಂದವಳೇ ಅವನನ್ನು ಕುರ್ಚಿಯಲ್ಲಿ ಮುಂದಕ್ಕೆ ಬಗ್ಗಿಸಿ, ಕೈ ತೊಳೆದು, ಎರಡು ಬೆರಳಲ್ಲಿ ನಳಿಗೆ ಹಿಡಿದು ಸರಕ್ಕನೆ ಎಳೆದಳು. ಅವನು ಒಮ್ಮೆ ಜೋರಾಗಿ ಕೆಮ್ಮಿದ. ಒಳಗೆ ಗಾಳಿ ಹೋಯಿತು, ಹೊರಗೆ ಬಂತು, ಮತ್ತೆ ಹೋಯಿತು. ಅವನ ಬೆನ್ನ ಮೇಲೆ ಒಂದು ಕೈಯಿಟ್ಟುಕೊಂಡೇ ಅವಳು ಇನ್ನೊಂದು ಕೈಯಲ್ಲಿ ತನ್ನ ಫೋನು ಹುಡುಕಿ ಲಾಂಡ್ರಿಗೆ ಕರೆ ಮಾಡಿ, ಗಾಬರಿಯಿಲ್ಲ ಅಕ್ಕ, ನಿಧಾನವಾಗಿ ಬಾ ಅಂದಳು.

ಮೈಕುವಿನ ಎದೆಯ ಮೇಲೆ ತೂಗುತ್ತಿದ್ದ ಫೋನು ಇನ್ನೂ ಬಿಟ್ಟಿರಲಿಲ್ಲ. "ಕ್ಷಮಿಸಿ, ನನಗೆ ಏನೂ ಕೇಳಿಸಲಿಲ್ಲ. ದಯವಿಟ್ಟು ಸ್ವಲ್ಪ ಜೋರಾಗಿ ಮಾತನಾಡಿ."

"ನೀನು ಸುಮ್ನಿರಮ್ಮ" ಅಂದಳು ಟೈಲರಮ್ಮ, ನಳಿಗೆಯನ್ನು ಬೆಳಕಿಗೆ ಹಿಡಿದು ನೋಡುತ್ತ. "ನನಗೆ ಕೇಳಿಸ್ತು."